ಮನೆಗೊಂದು ಈಡುಜೋಡಿನ ಸ್ಪೀಕರ್

ಮನೆಗೆ ಹೊಸ ಸ್ಪೀಕರ್ ತರೋಣ ಎಂದು ಒಬ್ಬರು ಬಾಯಿಬಿಟ್ಟರೆ ಸಾಕು, ಎಷ್ಟು ಜನರೋ ಅಷ್ಟು ಬೇಡಿಕೆ. ಸಮೇತನಹಳ್ಳಿಯ ನಮ್ಮ ಮನೆಯಲ್ಲೂ ಹಾಗೇ ಆಯಿತು. ನಮ್ಮ ಮನೆಯವರಿಗೆ ಭಾವಗೀತೆಯ ಒಂದೊಂದು ಅಕ್ಷರವೂ ಬಿಡಿಸಿ ಕೇಳಬೇಕು. "ರಾಗ ಕೇಳಿಸುತ್ತೆ ರೀ, ಮಾತು ಕೇಳಿಸಲ್ಲ" ಎನ್ನುವುದು ಅವರ ದೂರು. ಏಳನೇ ತರಗತಿಯ ಮೊಮ್ಮಗನಿಗೆ ಎದೆಗೆ ಗುದ್ದುವಂಥ ಬೇಸ್ ಬೇಕು. ಹತ್ತನೇ ತರಗತಿಯ ಮೊಮ್ಮಗಳಿಗೆ ಪಕ್ಕದ ಕೋಣೆಯಲ್ಲಿ ಓದಿಕೊಳ್ಳಲು ನಿಶ್ಶಬ್ದ ಬೇಕು. ಮೂರೂ ಬೇಡಿಕೆ ಒಂದೇ ಜೋಡಿ ಪೆಟ್ಟಿಗೆಯಿಂದ ತೀರಬೇಕು. ಹಣ ಹೋಗುವುದು ಮಾತ್ರ ನನ್ನ ಪಿಂಚಣಿಯಿಂದ!

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಆದರೆ ಲೆಡ್ಜರಿನ ಎರಡೂ ಬದಿ ತಾಳೆಯಾಗುವವರೆಗೆ ಕುರ್ಚಿ ಬಿಟ್ಟು ಏಳಬಾರದು ಎಂಬ ಪಾಠ ಕಲಿತವನು. ಸ್ಪೀಕರ್ ಕೊಳ್ಳುವಾಗಲೂ ಬೇಕಾದದ್ದು ಅದೇ ತಾಳೆ. ಒಂದು ಬದಿಯಲ್ಲಿ ಸ್ಪೀಕರ್. ಇನ್ನೊಂದು ಬದಿಯಲ್ಲಿ ಆಂಪ್ಲಿಫೈಯರ್, ಕೋಣೆ ಮತ್ತು ಕೇಳುವವರ ಕಿವಿ. ಈ ಮೂರಕ್ಕೂ ಹೊಂದಿದರೆ ಅದು ಒಳ್ಳೆಯ ಸ್ಪೀಕರ್. ಹೊಂದದಿದ್ದರೆ ಎಷ್ಟು ದುಬಾರಿಯಾದರೂ ಈಡುಜೋಡಿಲ್ಲದ ಸಂಬಂಧವೇ.

ಪೆಟ್ಟಿಗೆಯೊಳಗೆ ಏನಿದೆ?

ಮಕ್ಕಳೇ, ಮೊದಲು ಸ್ಪೀಕರ್ ಹೇಗೆ ಹಾಡುತ್ತದೆ ಎಂದು ತಿಳಿಯೋಣ. ಅದರ ಮುಂದಿನ ಬಟ್ಟೆಯ ಪರದೆ ತೆಗೆದರೆ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಒಂದು ಶಂಕು ಕಾಣುತ್ತದೆ. ಶಂಕುವಿನ ಬೆನ್ನಿಗೆ ತೆಳುವಾದ ತಂತಿಯ ಸುರುಳಿ ಅಂಟಿಕೊಂಡಿದೆ. ಸುರುಳಿಯ ಪಕ್ಕದಲ್ಲೇ ಬಲವಾದ ಅಯಸ್ಕಾಂತವಿದೆ. ತಂತಿಯಲ್ಲಿ ವಿದ್ಯುತ್ ಹರಿದಾಗ ಸುರುಳಿಯೂ ಒಂದು ಅಯಸ್ಕಾಂತವಾಗಿ, ಶಂಕುವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತದೆ. ಶಂಕು ಗಾಳಿಯನ್ನು ತಳ್ಳುತ್ತದೆ, ಗಾಳಿ ನಮ್ಮ ಕಿವಿಯ ತಮಟೆಯನ್ನು ತಟ್ಟುತ್ತದೆ. ಇಷ್ಟೇ ಕಥೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಈ ಬಗೆಯ ಸ್ಪೀಕರನ್ನು 1925ರಲ್ಲಿ ವಿವರಿಸಿ ತೋರಿಸಿದರು. ನೂರು ವರ್ಷ ಕಳೆದರೂ ಮನೆಗಳಲ್ಲಿರುವ ಬಹುಪಾಲು ಸ್ಪೀಕರ್‌ಗಳ ಮೂಲ ತತ್ವ ಅದೇ.

ಒಂದು ಪುಟ್ಟ ಪ್ರಯೋಗ ಮಾಡಿ, ದೊಡ್ಡವರು ಪಕ್ಕದಲ್ಲಿರಲಿ. ಆಂಪ್ಲಿಫೈಯರಿನಿಂದ ಬಿಡಿಸಿದ ಸ್ಪೀಕರಿನ ಕೆಂಪು ತುದಿಗೆ 1.5 ವೋಲ್ಟಿನ ಟಾರ್ಚ್ ಸೆಲ್ಲಿನ ಪ್ಲಸ್, ಕಪ್ಪು ತುದಿಗೆ ಮೈನಸ್ ಬರುವಂತೆ ತಂತಿಯನ್ನು ಒಂದು ಕ್ಷಣ ಮುಟ್ಟಿಸಿ. 'ಟಪ್' ಎಂದು ದೊಡ್ಡ ಶಂಕು ಮುಂದಕ್ಕೆ ಬರುತ್ತದೆ. ಸೆಲ್ಲನ್ನು ತಿರುಗಿಸಿದರೆ ಹಿಂದಕ್ಕೆ ಹೋಗುತ್ತದೆ.

ಸಾಮಾನ್ಯವಾಗಿ ಒಂದು ಪೆಟ್ಟಿಗೆಯಲ್ಲಿ ಎರಡು ಶಂಕುಗಳಿರುತ್ತವೆ. ದೊಡ್ಡದು ವೂಫರ್, ಮೃದಂಗದ ಎಡಭಾಗದ ಗುಂಕಾರದಂಥ ತಗ್ಗಿನ ಸ್ವರ ಅದರದು. ಚಿಕ್ಕದು ಟ್ವೀಟರ್, ತಾಳದ ಕಿಣಿಕಿಣಿ, ವೀಣೆಯ ತಂತಿ ಮೀಟಿದ ಸದ್ದು ಅದರದು. ಎರಡು ಏಕೆ ಬೇಕು? ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸೆಕೆಂಡಿಗೆ 50 ಸಲ ಕಂಪಿಸುವ ಸ್ವರದ ಒಂದು ಅಲೆಯ ಉದ್ದ ಸುಮಾರು 22 ಅಡಿ, ನಮ್ಮ ಹಾಲಿಗಿಂತಲೂ ಉದ್ದ! 10,000 ಸಲ ಕಂಪಿಸುವ ಸ್ವರದ ಅಲೆ ಒಂದೂವರೆ ಅಂಗುಲವನ್ನೂ ದಾಟುವುದಿಲ್ಲ. ಎತ್ತು ಎಳೆಯುವ ಗಾಡಿಯನ್ನೂ ಗಾಳಿಪಟವನ್ನೂ ಒಬ್ಬನೇ ಎಳೆಯುವುದು ಕಷ್ಟವಲ್ಲವೇ? ಹಾಗೆ.

ಮರದ ಪೆಟ್ಟಿಗೆಯೂ ಅಲಂಕಾರಕ್ಕಲ್ಲ. ಶಂಕು ಮುಂದೆ ಗಾಳಿ ತಳ್ಳಿದಾಗ ಹಿಂದೆ ಎಳೆಯುತ್ತದೆ. ಎರಡೂ ಬೆರೆತರೆ ತಗ್ಗಿನ ಸ್ವರ ಒಂದಕ್ಕೊಂದು ಹೊಡೆದು ಮಾಯವಾಗುತ್ತದೆ. ಪೆಟ್ಟಿಗೆ ಅವೆರಡನ್ನೂ ಬೇರೆ ಇಡುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಬೆರಳಿನಿಂದ ಕುಟ್ಟಿ ನೋಡಿ. ಡಬ್ಬದಂತೆ ಟೊಳ್ಳು ಸದ್ದು ಬಂದರೆ ಯೋಚಿಸಿ. ಬಾಗಿಲ ಚೌಕಟ್ಟು ಕುಟ್ಟಿದಂತೆ ಗಟ್ಟಿ ಸದ್ದು ಬಂದರೆ ಸಂತೋಷಪಡಿ.

ಮೊದಲ ತಾಳೆ: ಆಂಪ್ಲಿಫೈಯರ್

ನಮ್ಮ ಮನೆಯ ಆಂಪ್ಲಿಫೈಯರ್ ಹಳೆಯದು, ಗಟ್ಟಿಮುಟ್ಟಾದದ್ದು. ಅದರ ಬೆನ್ನ ಮೇಲೆ '30 ವ್ಯಾಟ್, 8 ಓಮ್' ಎಂದು ಬರೆದಿದೆ. ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳದೆ ಅಂಗಡಿಗೆ ಹೋಗಬೇಡಿ.

ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ. ನೀರಿನ ಟ್ಯಾಂಕಿಗೆ ಒಂದು ನಲ್ಲಿ ಇದ್ದರೆ ಒಂದಷ್ಟು ನೀರು ಹರಿಯುತ್ತದೆ. ಅಂಥದ್ದೇ ಇನ್ನೊಂದು ನಲ್ಲಿ ತೆರೆದರೆ ಎರಡರಷ್ಟು. 8 ಓಮಿನ ಜಾಗದಲ್ಲಿ 4 ಓಮಿನ ಸ್ಪೀಕರ್ ಹಾಕುವುದು ಎರಡನೇ ನಲ್ಲಿ ತೆರೆದ ಹಾಗೆ. ಅಷ್ಟು ಕರೆಂಟು ಕೊಡಲು ಸಿದ್ಧವಿಲ್ಲದ ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಸುಟ್ಟೂ ಹೋಗಬಹುದು. 8 ಓಮಿನ ಎರಡು ಸ್ಪೀಕರ್‌ಗಳನ್ನು ಒಂದೇ ತುದಿಗೆ ಅಕ್ಕಪಕ್ಕ ಜೋಡಿಸಿದರೂ ಲೆಕ್ಕ 4 ಓಮೇ ಆಗುತ್ತದೆ. ಅಡುಗೆಮನೆಗೂ ಒಂದು ಇರಲಿ ಎಂದು ಸೇರಿಸುವ ಮುನ್ನ ಇದು ನೆನಪಿರಲಿ.

ಇನ್ನು ವ್ಯಾಟ್. ಅಗ್ಗದ ಪೆಟ್ಟಿಗೆಗಳ ಮೇಲೆ 'ಪಿ.ಎಂ.ಪಿ.ಓ. 2000 ವ್ಯಾಟ್' ಎಂದೆಲ್ಲ ದಪ್ಪಕ್ಷರದಲ್ಲಿ ಇರುತ್ತದೆ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ವಿಧಾನವೂ ಇಲ್ಲ. ನೋಡಬೇಕಾದದ್ದು ಆರ್.ಎಂ.ಎಸ್. ಎಂದು ಬರೆದ, ನಿರಂತರವಾಗಿ ಸಿಗುವ ವ್ಯಾಟ್. ಮೊದಲನೆಯದು ಮದುವೆಯ ದಿನದ ಸಾಲದ ಒಡವೆ. ಎರಡನೆಯದು ತಿಂಗಳ ಸಂಬಳ.

ಅದಕ್ಕಿಂತ ಮುಖ್ಯವಾದ ಅಂಕಿ ಒಂದಿದೆ. ಬಹಳ ಜನ ಅದನ್ನು ಕೇಳುವುದೇ ಇಲ್ಲ. ಅದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬ ಲೆಕ್ಕ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ವ್ಯಾಟ್ ಅಸಲು, ಇದು ಬಡ್ಡಿ ದರ. 3 ಡೆಸಿಬಲ್ ಹೆಚ್ಚು ಸದ್ದು ಬೇಕೆಂದರೆ ಎರಡರಷ್ಟು ವ್ಯಾಟ್ ಬೇಕು. 6 ಡೆಸಿಬಲ್ಲಿಗೆ ನಾಲ್ಕರಷ್ಟು. ಅಂದರೆ 90 ಡೆಸಿಬಲ್ಲಿನ ಸ್ಪೀಕರ್ 20 ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ 84 ಡೆಸಿಬಲ್ಲಿನ ಸ್ಪೀಕರಿಗೆ 80 ವ್ಯಾಟ್ ಬೇಕು. ಸಣ್ಣ ಆಂಪ್ಲಿಫೈಯರ್ ಇದ್ದವರು ಬಡ್ಡಿ ದರ ಹೆಚ್ಚಿರುವ ಕಡೆಯೇ ಹೋಗಬೇಕು.

ಮನೆಯ ಮಾತುಕತೆಯ ಸದ್ದು ಸುಮಾರು 60 ಡೆಸಿಬಲ್. ಹಾಗಾದರೆ ಹಿತವಾಗಿ ಹಾಡು ಕೇಳುವಾಗ ನಾವು ಖರ್ಚು ಮಾಡುವುದು ಹೆಚ್ಚೆಂದರೆ ಒಂದೆರಡು ವ್ಯಾಟ್. ಉಳಿದದ್ದು ಮೃದಂಗದ ಏಟು ಬಿದ್ದ ಕ್ಷಣಕ್ಕೆ ಇಟ್ಟ ಮೀಸಲು ನಿಧಿ. ಸಣ್ಣ ಆಂಪ್ಲಿಫೈಯರಿನ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ ಹಿಂಸಿಸಿದರೆ ಸ್ವರ ಒಡೆದು ಗರಗರ ಎನ್ನುತ್ತದೆ, ಟ್ವೀಟರ್ ಸುಡುವುದೂ ಉಂಟು.

ಎರಡನೇ ತಾಳೆ: ಕೋಣೆ

ಮೈಸೂರಿನ ಪಿಟೀಲು ವಿದ್ವಾಂಸರಾದ ಟಿ. ಚೌಡಯ್ಯನವರ ಹೆಸರನ್ನು ಅಜ್ಜ-ಅಜ್ಜಿಯರೆಲ್ಲ ಕೇಳಿದ್ದೀರಿ. ಮೈಕ್ ಅಪರೂಪವಾಗಿದ್ದ ಕಾಲದಲ್ಲಿ, ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೂ ನಾದ ಮುಟ್ಟಲೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ, 1980ರಲ್ಲಿ ಆರಂಭವಾಯಿತು. ಸಭೆಗೆ ತಕ್ಕ ನಾದ ಎನ್ನುವುದು ಅವರ ಲೆಕ್ಕ. ನಮ್ಮ ಲೆಕ್ಕ ಅದೇ, ಉತ್ತರ ಮಾತ್ರ ತಿರುಗುಮುರುಗು. ನಮ್ಮದು 14 ಅಡಿಗೆ 11 ಅಡಿಯ ಹಾಲು. ಜಾತ್ರೆಯ ಆರ್ಕೆಸ್ಟ್ರಾಕ್ಕೆ ಬೇಕಾದಂಥ ಆಳೆತ್ತರದ ಪೆಟ್ಟಿಗೆ ಇಲ್ಲಿಗೆ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸ್ಪೀಕರಿಗೂ ಸಲ್ಲುತ್ತದೆ. ಇಂಥ ಕೋಣೆಗೆ 5ರಿಂದ 6.5 ಅಂಗುಲದ ವೂಫರ್ ಇರುವ, ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಗಾತ್ರದ ಜೋಡಿ ಸಾಕು.

ಹಳೆಯ ತೊಟ್ಟಿಮನೆಯಲ್ಲಿ ಸದ್ದು ಆಕಾಶಕ್ಕೆ ಹೋಗುತ್ತಿತ್ತು. ಈಗಿನ ಆರ್‌ಸಿಸಿ ಮನೆಯಲ್ಲಿ ನೆಲಕ್ಕೆ ಟೈಲ್ಸ್, ಗೋಡೆಗೆ ನುಣುಪು ಗಾರೆ. ಸದ್ದು ಚೆಂಡಿನಂತೆ ಪುಟಿಯುತ್ತದೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. 'ಟಣ್' ಎಂಬ ಬಾಲ ಉಳಿದರೆ ಹಾಡಿನ ಅಕ್ಷರಗಳೂ ಹಾಗೇ ಒಂದರ ಮೇಲೊಂದು ಬೀಳುತ್ತವೆ. ಹೊಸ ಸ್ಪೀಕರಿಗೆ ಮೊದಲು ನೆಲಕ್ಕೊಂದು ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಗೋಡೆಗೆ ಪುಸ್ತಕದ ಕಪಾಟು ಆನಿಸಿ. ನಮ್ಮ ಮನೆಯವರ ಅರ್ಧ ದೂರು ಅಲ್ಲೇ ತೀರಿತು.

ಇಡುವ ಜಾಗವೂ ಅಷ್ಟೇ ಮುಖ್ಯ. ಎರಡು ಪೆಟ್ಟಿಗೆಗಳ ನಡುವೆ 6 ಅಡಿ ಇದ್ದರೆ ನೀವು ಕೂರುವುದೂ ಸುಮಾರು 6 ಅಡಿ ದೂರದಲ್ಲಿ, ಸಮಬಾಹು ತ್ರಿಕೋನದ ಹಾಗೆ. ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಲಿ. ನಾವು ಇಟ್ಟಿಗೆಯ ಮೇಲೆ ಚಪ್ಪಡಿ ಕಲ್ಲಿನ ತುಂಡು ಇಟ್ಟು ಪೀಠ ಮಾಡಿದ್ದೇವೆ, ಅಲುಗುವುದಿಲ್ಲ. ಪೆಟ್ಟಿಗೆಯನ್ನು ಗೋಡೆಗೆ ಹತ್ತಿರ ತಳ್ಳಿದಷ್ಟೂ ಬೇಸ್ ಹೆಚ್ಚುತ್ತದೆ, ಮೂಲೆಗೆ ತಳ್ಳಿದರೆ ಇನ್ನೂ ಹೆಚ್ಚು. ಮೊಮ್ಮಗ ಒಂದು ಭಾನುವಾರವೆಲ್ಲ ಪೆಟ್ಟಿಗೆಗಳನ್ನು ಅಂಗುಲ ಅಂಗುಲವಾಗಿ ಸರಿಸುತ್ತ, ಗೋಡೆಯಿಂದ ಒಂದು ಅಡಿ ದೂರದಲ್ಲಿ ತನಗೆ ಬೇಕಾದ ಬೇಸ್ ಕಂಡುಕೊಂಡ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ತಗ್ಗಿನ ಸ್ವರ ಗೋಡೆ, ಬಾಗಿಲು ದಾಟುವುದರಲ್ಲಿ ಗಟ್ಟಿ. ಹಾಗಾಗಿ ಮೊಮ್ಮಗಳು ಓದುವ ಕೋಣೆಯ ಗೋಡೆಯನ್ನು ಬಿಟ್ಟು ಎದುರು ಗೋಡೆಯ ಕಡೆ ಇಟ್ಟೆವು. ಸಂಜೆ ಅವಳು ಓದಲು ಕೂತ ಮೇಲೆ ಬೇಸ್ ಗುಂಡಿ ತಗ್ಗಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳುತ್ತೇವೆ. ಬಯಲಿನಲ್ಲಿ ದೂರ ಅರ್ಧವಾದರೆ 6 ಡೆಸಿಬಲ್ ಉಳಿತಾಯ. ಕೋಣೆಯಲ್ಲಿ ಸ್ವಲ್ಪ ಕಡಿಮೆ, ಆದರೂ ಲಾಭವೇ.

ಮೂರನೇ ತಾಳೆ: ಕಿವಿ

ಎಳೆಯರ ಆರೋಗ್ಯವಂತ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನದವರೆಗೆ ಕೇಳಬಲ್ಲದು. ವಯಸ್ಸಾದಂತೆ ಮೇಲಿನ ಸ್ವರಗಳು ಮೊದಲು ಜಾರುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಹೆಚ್ಚಾಗಿ ಮೇಲಿನ ಭಾಗದಲ್ಲೇ. 'ರಾಗ ಕೇಳಿಸುತ್ತೆ, ಮಾತು ಕೇಳಿಸಲ್ಲ' ಎಂಬುದರ ಗುಟ್ಟು ಇದು. ಅವರಿಗೆ ಬೇಕಾದದ್ದು ಹೆಚ್ಚು ಸದ್ದಲ್ಲ, ಹೆಚ್ಚು ಸ್ಪಷ್ಟತೆ. ಬೇಸ್ ಅತಿಯಾದರೆ ಅದು ವ್ಯಂಜನಗಳನ್ನೇ ಮುಚ್ಚುತ್ತದೆ. ಟಿ.ವಿ. ವಾಲ್ಯೂಮ್ ಹೆಚ್ಚಿಸಿದರೆಂದು ಅಜ್ಜಿಯನ್ನು ಗದರುವ ಮುನ್ನ, ಮಕ್ಕಳೇ, ಇದನ್ನು ಯೋಚಿಸಿ. ಮನೆಯವರ ಮಾತೂ ಕೇಳಿಸದಂತಾದರೆ ಅದು ಸ್ಪೀಕರಿನ ಕೆಲಸವಲ್ಲ. ಕಿವಿ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥದಕ್ಕೆಂದೇ ಇದೆ.

ಎಳೆಯ ಕಿವಿಗೂ ಒಂದು ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೆ ವಾರಕ್ಕೆ 80 ಡೆಸಿಬಲ್ಲಿನಲ್ಲಿ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್ಲಿನಲ್ಲಿ 40 ಗಂಟೆ ಮಿತಿ. 90 ಡೆಸಿಬಲ್ಲಾದರೆ ದೊಡ್ಡವರಿಗೇ ವಾರಕ್ಕೆ ನಾಲ್ಕು ಗಂಟೆ ಮಾತ್ರ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದು ಡ್ರಾ ಮಾಡಬಹುದಾದ, ಮತ್ತೆ ಜಮಾ ಮಾಡಲಾಗದ ಖಾತೆ. ನೆರೆಯವರ ನಿದ್ದೆಗೂ ಕಾನೂನು ಇದೆ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6.

ಅಂಗಡಿಯಲ್ಲಿ

ನಮ್ಮ ಕಡೆಯವರಿಗೆ ಈಗ ಅನುಕೂಲ. ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದರೆ ಎಸ್.ಪಿ. ರೋಡ್ ಸಿಗುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನೆಲ್ಲ ಅಲ್ಲಿದೆ. ಜೇಬಿನಲ್ಲಿ ಚೀಟಿ ಇರಲಿ: ಆಂಪ್ಲಿಫೈಯರಿನ ವ್ಯಾಟ್, ಓಮ್, ಕೋಣೆಯ ಅಳತೆ. ನಿಮಗೆ ಬಾಯಿಪಾಠವಾಗಿರುವ ಹಾಡುಗಳನ್ನೇ ಕೊಂಡೊಯ್ಯಿರಿ. ನಾವು ಕೊಂಡೊಯ್ದದ್ದು ಒಂದು ಭಾವಗೀತೆ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಮೊಮ್ಮಗನ ಒಂದು ಸಿನಿಮಾ ಹಾಡು. ಎರಡು ಜೋಡಿಗಳನ್ನು ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಆಮೇಲೆ ವಾಲ್ಯೂಮ್ ತೀರಾ ತಗ್ಗಿಸಿ ಕೇಳಿ. ಮೆಲುದನಿಯಲ್ಲೂ ಅಕ್ಷರ ಬಿಡಿಸಿ ಕೇಳಿಸುವ ಜೋಡಿಯೇ ಮನೆಗೆ ತಕ್ಕದ್ದು. ನಾವು ತಂದದ್ದು ಅಂಥದ್ದು: 8 ಓಮ್, 88 ಡೆಸಿಬಲ್.

ಕೆಲವು ಸ್ಪೀಕರ್‌ಗಳ ಒಳಗೇ ಆಂಪ್ಲಿಫೈಯರ್ ಇರುತ್ತದೆ. ಮನೆಯಲ್ಲಿ ಬೇರೆ ಆಂಪ್ಲಿಫೈಯರ್ ಇದ್ದವರಿಗೆ ಅವು ಬೇಡ. ತಂತಿಗೆ ಸಾವಿರಾರು ರೂಪಾಯಿ ಸುರಿಯುವುದೂ ಬೇಡ. 5 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಧಾರಾಳ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿಸಿ. ಒಂದು ಪೆಟ್ಟಿಗೆಗೆ ಉಲ್ಟಾ ಆದರೆ ಒಂದು ಶಂಕು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಬೇಸ್ ಕರಗಿಹೋಗುತ್ತದೆ.

ಕೊನೆಯದಾಗಿ, ಅಜ್ಜ-ಅಜ್ಜಿಯರಿಗೆ ಒಂದು ಮಾತು. ಅಂಗಡಿಗೆ ಒಬ್ಬರೇ ಹೋಗಬೇಡಿ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಟ್ವೀಟರ್ ಚುರುಚುರು ಎನ್ನುತ್ತಿದೆಯೇ ಎಂದು ನಮಗಿಂತ ಚೆನ್ನಾಗಿ ಹೇಳುವ ಕಿವಿ ಅವರದು. ವೀಣೆ ವೀಣೆಯಂತೆ ಕೇಳಿಸುತ್ತಿದೆಯೇ ಎಂದು ಹೇಳುವ ನೆನಪು ನಮ್ಮದು. ಬ್ಯಾಂಕಿನಲ್ಲಿ ದೊಡ್ಡ ಮೊತ್ತದ ಚೆಕ್ಕಿಗೆ ಎರಡು ಸಹಿ ಬೇಕಿತ್ತು. ಸ್ಪೀಕರಿಗೂ ಎರಡು ತಲೆಮಾರಿನ ಸಹಿ ಬೀಳಲಿ.