ಆರು ನ್ಯಾನೊಸೆಕೆಂಡಿನ ಪೆಟ್ಟು: ಹೈ-ಫೀಲ್ಡ್ ಪಲ್ಸ್ ಇಪಿಆರ್ ಯಂತ್ರ ಸುಧಾರಿಸೋದು ಹೇಗೆ?

ಈ ವಾರದ ಮಾತಿನ ಬರಹರೂಪ ಇದು. ವಿಡಿಯೊದಲ್ಲಿ ಬೋರ್ಡ್ ಮೇಲೆ ಹಾಕಿದ ಲೆಕ್ಕಗಳೂ ಇಲ್ಲೇ ಇವೆ.

ವಾಶಿಯಿಂದ ಶುರು ಮಾಡೋಣ. ಅಣುಶಕ್ತಿ ಇಲಾಖೆಯ ಬ್ರಿಟ್ ಸಂಸ್ಥೆಯ ವಿಕಿರಣ ಸಂಸ್ಕರಣಾ ಘಟಕ ಅಲ್ಲಿ 2000ದಿಂದ ಇದೆ. ಮಸಾಲೆ ಪದಾರ್ಥಗಳ ಮೇಲೆ ಕೋಬಾಲ್ಟ್-60ರ ಗಾಮಾ ಕಿರಣ ಬಿಟ್ಟು ಸೂಕ್ಷ್ಮಜೀವಿಗಳನ್ನ ಕೊಲ್ಲುತ್ತಾರೆ. ಕಿರಣ ತಾಗಿದಾಗ ಮಸಾಲೆಯ ಸೆಲ್ಯುಲೋಸಿನಲ್ಲಿ ಕೆಲವು ಎಲೆಕ್ಟ್ರಾನ್‌ಗಳು ಜೋಡಿ ಕಳೆದುಕೊಂಡು ಒಂಟಿಯಾಗುತ್ತವೆ. ಪದಾರ್ಥ ಒಣಗಿದ್ದರೆ ಬಹಳ ದಿನ ಹಾಗೇ ಉಳಿಯುತ್ತವೆ. ಇಂಥ ಒಂಟಿ ಎಲೆಕ್ಟ್ರಾನ್‌ಗಳನ್ನ ಪತ್ತೆಹಚ್ಚೋ ವಿಧಾನವೇ ಎಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ರೆಸೊನೆನ್ಸ್, ಚಿಕ್ಕದಾಗಿ ಇಪಿಆರ್. 1944ರಲ್ಲಿ ಕಜಾನ್ ನಗರದಲ್ಲಿ ಯೆವ್ಗೆನಿ ಜಾವೊಯ್ಸ್ಕಿ ಇದನ್ನ ಕಂಡುಹಿಡಿದರು.

ಒಂಟಿ ಎಲೆಕ್ಟ್ರಾನ್ ಅಂದ್ರೆ ಒಂದು ಪುಟ್ಟ ಆಯಸ್ಕಾಂತ. ಕಾಂತಕ್ಷೇತ್ರದಲ್ಲಿ ಇಟ್ಟರೆ ಬುಗುರಿಯ ಹಾಗೆ ಓಲಾಡುತ್ತೆ, ಪ್ರತಿ ಟೆಸ್ಲಾಗೆ ಸುಮಾರು 28 ಗಿಗಾಹರ್ಟ್ಸ್ ವೇಗದಲ್ಲಿ. ಅದೇ ಆವರ್ತನದ ಮೈಕ್ರೋವೇವ್ ಕೊಟ್ಟರೆ ಎಲೆಕ್ಟ್ರಾನ್ ಸ್ಪಂದಿಸುತ್ತೆ. ಸಾಮಾನ್ಯ ಲ್ಯಾಬ್ ಯಂತ್ರದಲ್ಲಿ 0.34 ಟೆಸ್ಲಾ, 9.5 ಗಿಗಾಹರ್ಟ್ಸ್. ಹೈ-ಫೀಲ್ಡ್ ಯಂತ್ರ ಒಂದರಲ್ಲಿ 8.6 ಟೆಸ್ಲಾ, 240 ಗಿಗಾಹರ್ಟ್ಸ್.

ಇಷ್ಟು ಮೇಲೆ ಯಾಕೆ ಹೋಗಬೇಕು? ಎರಡು ಬೇರೆ ಬೇರೆ ರಾಡಿಕಲ್‌ಗಳ ಗೆರೆಗಳು ಕೆಳಗಿನ ಕ್ಷೇತ್ರದಲ್ಲಿ 0.6 ಮಿಲಿಟೆಸ್ಲಾ ಅಂತರದಲ್ಲಿ ಒಂದರ ಮೇಲೊಂದು ಬಿದ್ದಿವೆ ಅಂತಿಟ್ಟುಕೊಳ್ಳಿ. ಕ್ಷೇತ್ರ 25 ಪಟ್ಟು ಏರಿದರೆ ಅದೇ ಅಂತರ 15 ಮಿಲಿಟೆಸ್ಲಾ ಆಗುತ್ತೆ. ಯಾವುದು ಯಾರದ್ದು ಅಂತ ಬಿಡಿಸಿ ಹೇಳಬಹುದು.

ತೊಂದರೆ ಶುರುವಾಗೋದು ಪಲ್ಸ್ ಹಾಕುವಾಗ. ಪಲ್ಸ್ ವಿಧಾನದಲ್ಲಿ ಎಲೆಕ್ಟ್ರಾನಿಗೆ ಒಂದು ಚುರುಕು ಪೆಟ್ಟು ಕೊಟ್ಟು, ಆಮೇಲೆ ಅದು ಹೊರಡಿಸೋ ಪ್ರತಿಧ್ವನಿ ಕೇಳಬೇಕು. ಎಲೆಕ್ಟ್ರಾನಿಗೆ ಆ ಪೆಟ್ಟಿನ ನೆನಪು ಇರೋದು ಸ್ವಲ್ಪ ಹೊತ್ತು ಮಾತ್ರ. ಪ್ರೋಟೀನ್ ಹೆಪ್ಪುಗಟ್ಟಿದ್ದರೆ ಮೈಕ್ರೋಸೆಕೆಂಡುಗಳು. ಬೆಚ್ಚಗಾದಷ್ಟೂ ನೆನಪು ಬೇಗ ಅಳಿಯುತ್ತೆ. ಅದಕ್ಕೇ ಬಹುಪಾಲು ಪ್ರಯೋಗಗಳನ್ನ ಕೊರೆಯೋ ಚಳಿಯಲ್ಲಿ ಮಾಡ್ತಾರೆ. ಆದರೆ ನಮ್ಮ ಮೈಯೊಳಗೆ ಪ್ರೋಟೀನ್ ಕೆಲಸ ಮಾಡೋದು ಬೆಚ್ಚಗಿನ ನೀರಿನಲ್ಲಿ, ಅಲುಗಾಡುತ್ತಾ. ಅದನ್ನ ಹಾಗೇ ನೋಡಬೇಕಂದ್ರೆ ನೆನಪು ಅಳಿಯೋದರೊಳಗೆ ಪೆಟ್ಟೂ ಮುಗಿದು ಕಿವಿಯೂ ತೆರೆದಿರಬೇಕು.

ಮೊದಲ ಸುಧಾರಣೆ, ಶಕ್ತಿ. ಪಲ್ಸ್ ಹತ್ತು ಪಟ್ಟು ಚಿಕ್ಕದಾಗಬೇಕಾದರೆ ಶಕ್ತಿ ನೂರು ಪಟ್ಟು ಬೇಕು. 240 ಗಿಗಾಹರ್ಟ್ಸಿನ ಸೆಮಿಕಂಡಕ್ಟರ್ ಮೂಲಗಳು ಕೊಡೋದು ಕೆಲವು ಹತ್ತು ಮಿಲಿವ್ಯಾಟ್. ಪೆಟ್ಟು ನೂರಾರು ನ್ಯಾನೊಸೆಕೆಂಡ್ ಎಳೆಯುತ್ತೆ. 50 ಮಿಲಿವ್ಯಾಟಿನಲ್ಲಿ 500 ನ್ಯಾನೊಸೆಕೆಂಡ್ ಹಿಡಿದರೆ, 5ಕ್ಕೆ ಇಳಿಸೋಕೆ ಹತ್ತು ಸಾವಿರ ಪಟ್ಟು, ಅಂದ್ರೆ 500 ವ್ಯಾಟ್ ಬೇಕು. ಅಮೆರಿಕದ ಸಾಂತಾ ಬಾರ್ಬರಾದಲ್ಲಿರೋ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಫ್ರೀ-ಎಲೆಕ್ಟ್ರಾನ್ ಲೇಸರನ್ನೇ ಇದಕ್ಕೆ ಜೋಡಿಸಿ ಪೆಟ್ಟನ್ನ 6 ನ್ಯಾನೊಸೆಕೆಂಡಿಗೆ ಇಳಿಸಿತು. ಲೇಸರಿನ ಉದ್ದ ಪಲ್ಸನ್ನ ಸಿಲಿಕಾನ್ ಬಿಲ್ಲೆಗಳ ಸ್ವಿಚ್‌ನಿಂದ ತುಂಡರಿಸಿದರು.

ಎರಡನೇದು, ಕಿವಿ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲದ ಮೇಲ್ ಗಾಡಿ ದಡದಡ ದಾಟುವಾಗ ಪಕ್ಕದವರ ಮಾತು ಕೇಳುತ್ತಾ? ಇಲ್ಲೂ ಅಷ್ಟೇ. ದೊಡ್ಡ ಪಲ್ಸಿನ ಗದ್ದಲ ಅಡಗೋವರೆಗೆ ಡಿಟೆಕ್ಟರ್ ಕಿವುಡು. ಆ ಕಿವುಡು ಹೊತ್ತಿಗೆ ಡೆಡ್ ಟೈಮ್ ಅಂತಾರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಹೈಪರ್ ಯಂತ್ರ 94 ಗಿಗಾಹರ್ಟ್ಸಿನಲ್ಲಿ ಒಂದು ಕಿಲೊವ್ಯಾಟ್ ಬಳಸಿಯೂ ಡೆಡ್ ಟೈಮನ್ನ ನ್ಯಾನೊಸೆಕೆಂಡುಗಳ ಮಟ್ಟಕ್ಕೆ ತಂದಿದೆ. ಮೈಕ್ರೋವೇವನ್ನ ಬಹಳ ಹೊತ್ತು ಹಿಡಿದಿಟ್ಟುಕೊಳ್ಳೋ ಲೋಹದ ಪೆಟ್ಟಿಗೆ ಅಲ್ಲಿಲ್ಲ. ಕನ್ನಡಿ, ತಂತಿಜಾಲರಿಗಳ ಮೂಲಕ ಬೆಳಕಿನ ಹಾಗೇ ಸಾಗಿಸಿ, ಸಿಗ್ನಲಿನ ಧ್ರುವೀಕರಣ ಬೇರೆ ಅನ್ನೋದನ್ನ ಬಳಸಿ ಗದ್ದಲದಿಂದ ಬೇರ್ಪಡಿಸುತ್ತಾರೆ.

ಮೂರನೇದು ನಮ್ಮ ಕಸುಬಿಗೆ ಹತ್ತಿರ: ಸಾಫ್ಟ್‌ವೇರ್. ಒಂದೇ ಪ್ರಯೋಗವನ್ನ 100 ಸಲ ಮಾಡಿ ಕೂಡಿಸಿದರೆ ಸಿಗ್ನಲ್ 100 ಪಟ್ಟಾಗುತ್ತೆ, ಗದ್ದಲ ಬರೀ 10 ಪಟ್ಟು. ಆದರೆ ಫೇಸ್, ಅಂದ್ರೆ ಅಲೆ ಯಾವ ಹಂತದಲ್ಲಿ ಶುರುವಾಯ್ತು ಅನ್ನೋದು, ಪ್ರತಿ ಸಲ ಒಂದೇ ಇರಬೇಕು. ಫ್ರೀ-ಎಲೆಕ್ಟ್ರಾನ್ ಲೇಸರಿನಲ್ಲಿ ಅದು ಪ್ರತಿ ಪಲ್ಸಿಗೂ ಬೇರೆ. ನೇರ ಕೂಡಿಸಿದರೆ ಸಿಗ್ನಲ್ ತನ್ನನ್ನ ತಾನೇ ಹೊಡೆದುಹಾಕುತ್ತೆ. ಉಪಾಯ: ಪ್ರತಿ ಪಲ್ಸನ್ನ ಪ್ರತ್ಯೇಕ ದಾಖಲಿಸಿ, ಅದರ ಫೇಸ್ ಅಳೆದು, ಅಷ್ಟೇ ಕೋನ ಹಿಂದಕ್ಕೆ ತಿರುಗಿಸಿ, ಆಮೇಲೆ ಕೂಡಿಸೋದು. ಕೋಡಿನಲ್ಲಿ ಇದು ಒಂದು ಕಾಂಪ್ಲೆಕ್ಸ್ ಗುಣಾಕಾರ. ಆ ಗುಣಾಕಾರ ಇಲ್ಲದಿದ್ದರೆ ಅಷ್ಟು ದೊಡ್ಡ ಲೇಸರ್ ಹಾಕಿಯೂ ದುರ್ಬಲ ಸಿಗ್ನಲ್ ಮೇಲೇಳೋದಿಲ್ಲ.

ನಮ್ಮ ಸುತ್ತ ಇದಕ್ಕೆ ನೆಲ ಇದೆಯಾ? ಇದೆ. ಟಿಐಎಫ್‌ಆರ್‌ನಲ್ಲಿ 1977ರಲ್ಲಿ ಶುರುವಾದ ಮೈಕ್ರೋವೇವ್ ಘಟಕವೇ 1984ರಲ್ಲಿ ಸಮೀರ್ ಸಂಸ್ಥೆಯಾಯ್ತು. ಪವಾಯಿಯ ಜೊತೆಗೆ ಖಾರ್ಘರ್‌ನಲ್ಲೂ ಅದರ ಕ್ಯಾಂಪಸ್ ಇದೆ. ಅವರು ಅಭಿವೃದ್ಧಿಪಡಿಸಿದ ಕ್ಯಾನ್ಸರ್ ಚಿಕಿತ್ಸೆಯ ಆಕ್ಸಿಲರೇಟರಿನಲ್ಲಿ 3 ಗಿಗಾಹರ್ಟ್ಸ್ ಆಸುಪಾಸಿನ, ಮೆಗಾವ್ಯಾಟ್ ಮಟ್ಟದ ಪಲ್ಸ್ ಇರುತ್ತೆ. ಅಲ್ಲಿ ಮೆಗಾವ್ಯಾಟ್, 240 ಗಿಗಾಹರ್ಟ್ಸಿಗೆ ಬಂದರೆ ಮಿಲಿವ್ಯಾಟ್. ಈ ಕಂದಕ ತುಂಬೋಕೆ ಭಾರಿ ಹಣ, ಭಾರಿ ಕಟ್ಟಡ ಬೇಕು. ಫೇಸ್ ತಿದ್ದೋಕೆ ಬೇಕಾಗಿರೋದು ಒಳ್ಳೆ ಡಿಜಿಟೈಜರ್, ಎಫ್‌ಪಿಜಿಎ, ಮತ್ತು ಸಿಗ್ನಲ್ ಪ್ರೊಸೆಸಿಂಗ್ ಗೊತ್ತಿರೋ ಕೈ. ಐರೋಳಿ, ಮಹಾಪೆ ಕಡೆಯ ಆಫೀಸುಗಳಲ್ಲಿ ಅಂಥ ಕೈಗಳಿಗೆ ಬರವಿಲ್ಲ. ಭೌತಶಾಸ್ತ್ರ ಓದುತ್ತಿರೋ ಗೆಳೆಯರಿಗೆ ಒಮ್ಮೆ ಕೇಳಿ ನೋಡಿ: ನಿಮ್ಮ ಲ್ಯಾಬಿನಲ್ಲಿ ಸರಾಸರಿ ತೆಗೆಯೋ ಮುಂಚೆ ಪ್ರತಿ ಶಾಟ್ ಬೇರೆ ಬೇರೆಯಾಗಿ ಉಳಿಸಿಡ್ತೀರಾ?