ಮೈಗೆ ಕಲಿಸಿದ ಗುರು

ಸಾಯಂಕಾಲದ ಹೊತ್ತು ಕಾಡುಗೋಡಿಯ ಕಡೆಗೆ ಹೋದವರಿಗೆ ಒಂದು ನೋಟವು ಈಗ ಸಾಮಾನ್ಯವಾಗಿದೆ. ಹಿಂದೆ ಹಳ್ಳಿಯಾಗಿದ್ದ ಆ ಊರಿಗೆ 2023ರಲ್ಲಿ ಮೆಟ್ರೋ ರೈಲೂ ಬಂದಿತು. ಸುತ್ತಲೂ ಹಲವು ಅಂತಸ್ತುಗಳ ಕಟ್ಟಡಗಳು ಎದ್ದಿವೆ. ಅವುಗಳ ಅಂಗಳಗಳಲ್ಲಿ ಮಕ್ಕಳು ಬಿಳಿಯ ಉಡುಪನ್ನು ಧರಿಸಿ, ನಡುವಿಗೆ ಬಣ್ಣದ ಬೆಲ್ಟನ್ನು ಬಿಗಿದು, ಗುರುವಿಗೆ ತಲೆಬಾಗಿ, ಕರಾಟೆಯ ಅಭ್ಯಾಸಕ್ಕೆ ತೊಡಗುತ್ತಾರೆ. ತಾಯಿತಂದೆಗಳು ದೂರದಲ್ಲಿ ಕುಳಿತು ನೋಡುತ್ತಾರೆ. ಮಗುವಿಗೆ ಮುಂದಿನ ಬೆಲ್ಟು ಯಾವಾಗ ದೊರೆಯುವುದೆಂಬುದೇ ಅವರಲ್ಲಿ ಹಲವರ ವಿಚಾರ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ಬೆಲ್ಟು ಪೆಟ್ಟಿಗೆಯ ತಳವನ್ನು ಸೇರಿದ ಮೇಲೆಯೂ ಮಗುವಿನಲ್ಲಿ ಉಳಿಯುವುದು ಏನು? ಈ ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಮೊದಲು, ಈ ವಿದ್ಯೆಯನ್ನು ಲೋಕಕ್ಕೆ ತಂದವರ ಕಥೆಯನ್ನೇ ನೋಡೋಣ. ಗಿಚಿನ್ ಫುನಾಕೊಶಿ ಎಂಬವರು 1868ರಲ್ಲಿ ಓಕಿನಾವಾ ದ್ವೀಪದ ಶೂರಿ ಪಟ್ಟಣದಲ್ಲಿ ಜನಿಸಿದರು. ಹುಟ್ಟಿನಿಂದಲೇ ಅಶಕ್ತ ಶಿಶು. ಹೆಚ್ಚು ಕಾಲ ಬದುಕಲಾರದೆಂದೇ ಮನೆಯವರು ಭಾವಿಸಿದ್ದರು. ಶಾಲೆಯ ಗೆಳೆಯನೊಬ್ಬನ ತಂದೆಯಾದ ಅಂಕೊ ಅಜಾತೊ ಎಂಬವರು ಕರಾಟೆಯಲ್ಲಿ ನಿಷ್ಣಾತರು. ಆ ಕಾಲದಲ್ಲಿ ಈ ವಿದ್ಯೆಯನ್ನು ಬಹಿರಂಗವಾಗಿ ಕಲಿಯುವಂತಿರಲಿಲ್ಲ. ಆದುದರಿಂದ ಹುಡುಗನು ರಾತ್ರಿಯ ಕತ್ತಲಲ್ಲಿ ಗುರುವಿನ ಮನೆಗೆ ನಡೆದುಹೋಗುತ್ತಿದ್ದನು. ಏಟು ಮತ್ತು ತಡೆಗಳ ಒಂದು ಗೊತ್ತಾದ ಸರಣಿಗೆ 'ಕಟಾ' ಎಂದು ಹೆಸರು. ಅಂತಹ ಒಂದೇ ಕಟಾವನ್ನು ತಿಂಗಳುಗಟ್ಟಲೆ ಮಾಡಿಸಿದರು ಅಜಾತೊ. ತಾವು ಮೊಗಸಾಲೆಯಲ್ಲಿ ಕುಳಿತು ನೋಡುವರು, "ಇನ್ನೊಮ್ಮೆ" ಎನ್ನುವರು. ಮೆಚ್ಚಿಕೆಯ ಮಾತು ಬಹು ಅಪರೂಪ. ಶಿಷ್ಯನಿಗೆ ಬೇಸರವೂ ಅವಮಾನವೂ ಆದುದುಂಟು. ಆದರೆ ಒಂದು ಪಾಠವು ಪೂರ್ಣವಾಗಿ ಮೈಗೂಡದೆ ಎರಡನೆಯದು ಸಿಕ್ಕಲಿಲ್ಲ.

ಆ ದುರ್ಬಲ ಬಾಲಕನು ದೃಢಕಾಯನಾಗಿ, ಶಾಲೆಯ ಉಪಾಧ್ಯಾಯನಾಗಿ, 1922ರಲ್ಲಿ ಟೋಕಿಯೋ ನಗರದಲ್ಲಿ ತನ್ನ ವಿದ್ಯೆಯನ್ನು ಪ್ರದರ್ಶಿಸಿದನು. ಅಲ್ಲಿಯೇ ನಿಂತು, ವಿದ್ಯಾರ್ಥಿಗಳ ವಸತಿಯೊಂದರಲ್ಲಿ ಕಾವಲಿದ್ದು, ಕಸ ಗುಡಿಸಿ ಜೀವಿಸುತ್ತ, ಕರಾಟೆಯನ್ನು ಕಲಿಸಿದನು. ಕರಾಟೆಯಲ್ಲಿ ಮೊದಲ ಏಟು ನಮ್ಮದಾಗಕೂಡದೆಂಬುದು ಅವರು ಶಿಷ್ಯರಿಗೆ ಹಾಕಿಕೊಟ್ಟ ನಿಯಮ. ಮಹಾಯುದ್ಧವು ಮುಗಿದ ಬಳಿಕ, ಎಂಬತ್ತರ ಸುಮಾರಿನ ವೃದ್ಧಾಪ್ಯದಲ್ಲಿ, ದಾರಿಯಲ್ಲಿ ದೋಚಲು ಬಂದವನೊಬ್ಬನನ್ನು ಅವರು ಹಿಡಿದು ಪೋಲೀಸಿನವನಿಗೆ ಒಪ್ಪಿಸಿದರು. ಬೇರೆಯವರಾಗಿದ್ದರೆ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಫುನಾಕೊಶಿಯವರು, ತಾವೇ ಕಲಿಸಿದ ನಿಯಮಕ್ಕೆ ತಾವೇ ತಪ್ಪಿದೆವೆಂದು ನಾಚಿಕೊಂಡರು. ಗೆದ್ದವನು ನಾಚಬಲ್ಲನೆಂದರೆ, ಅವನೊಳಗೆ ಕುಳಿತ ಶಿಕ್ಷಣವು ಎಷ್ಟು ಆಳವಾದುದಾಗಿರಬೇಕು!

ಇಂತಹ ನಿದರ್ಶನಕ್ಕೆ ಸಮುದ್ರವನ್ನು ದಾಟಿಯೇ ಹೋಗಬೇಕೆಂದಿಲ್ಲ. ಕಾಡುಗೋಡಿಯಿಂದ ಹೊಸಕೋಟೆಗೆ ಹೋಗಿ ಕೋಲಾರದ ಹೆದ್ದಾರಿಯನ್ನು ಹಿಡಿದರೆ, ನರಸಾಪುರದ ಬಳಿ ಬೆಳ್ಳೂರೆಂಬ ಗ್ರಾಮವಿದೆ. ಜಗತ್ಪ್ರಸಿದ್ಧರಾದ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರರು 1918ರಲ್ಲಿ ಹುಟ್ಟಿದುದು ಅಲ್ಲಿಯೇ. ಯೋಗವು ಕಾಳಗದ ವಿದ್ಯೆಯಲ್ಲವೆಂಬುದು ನಿಜ. ಆದರೆ ಗುರುವು ಶಿಷ್ಯನ ಮೈಯನ್ನೇ ಹಲಗೆಯಾಗಿ ಮಾಡಿಕೊಂಡು ಬರೆಯುವ ಕ್ರಮವು ಗರಡಿಯಲ್ಲಿಯೂ ಕರಾಟೆಯಲ್ಲಿಯೂ ಯೋಗಶಾಲೆಯಲ್ಲಿಯೂ ಒಂದೇ.

ಇವರೂ ರೋಗಿಷ್ಠ ಬಾಲಕರು. ಮಲೇರಿಯಾ, ವಿಷಮಜ್ವರ, ಕ್ಷಯ ಎಲ್ಲವೂ ಆ ಮೈಯನ್ನು ಹಣ್ಣುಮಾಡಿದ್ದುವು. ಒಂಬತ್ತನೆಯ ವಯಸ್ಸಿಗೆ ತಂದೆಯೂ ತೀರಿಕೊಂಡರು. ಅಕ್ಕನ ಪತಿಯಾದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಆಚಾರ್ಯರಾಗಿದ್ದರು. 1934ರಲ್ಲಿ ಅವರು ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ಭಾವನೇ ಗುರುವಾದರೂ ಮನೆಯ ಸಲಿಗೆ ಅಲ್ಲಿರಲಿಲ್ಲ. ಮೊದಮೊದಲು ಅವರು ಈ ಬಡಕಲು ಹುಡುಗನ ಕಡೆಗೆ ಗಮನವನ್ನೇ ಕೊಡಲಿಲ್ಲ. ಕೊಟ್ಟ ಮೇಲೆ ಕರುಣೆ ತೋರಲಿಲ್ಲ. ಎಂದೂ ಅಭ್ಯಾಸಮಾಡದ ಹನುಮಾನಾಸನವನ್ನು ಸಭೆಯ ಮುಂದೆ ಮಾಡೆಂದು ಒಮ್ಮೆ ಅಪ್ಪಣೆಯಾಯಿತು. ಚಡ್ಡಿ ಬಿಗಿಯಾಗಿದೆಯೆಂದು ಹುಡುಗನು ನೆವ ಹೇಳಲು, ಗುರುಗಳು ಕತ್ತರಿ ತರಿಸಿ ಅದನ್ನು ಕತ್ತರಿಸಿಸಿದರು. ಆಸನವೇನೋ ಆಯಿತು, ತೊಡೆಯ ಸ್ನಾಯು ಹರಿದು, ಹುಡುಗನು ಬಹುಕಾಲ ನೆಟ್ಟಗೆ ನಡೆಯಲಾರದೆ ಹೋದನು.

ಅದೇ ಗುರುಗಳು 1937ರಲ್ಲಿ ಶಿಷ್ಯನನ್ನು ಪುಣೆಗೆ ಕಳುಹಿಸಿದರು. ಆರು ತಿಂಗಳಿಗೆಂದು ಹೋದವರು ಬಾಳೆಲ್ಲ ಅಲ್ಲಿಯೇ ನೆಲೆಸಿದರು. ತಮ್ಮ ಮೈಯ ನೋವೇ ಅವರಿಗೆ ಪಠ್ಯವಾಯಿತು. ಹಗ್ಗ, ಮರದ ಇಟ್ಟಿಗೆ, ಕುರ್ಚಿ, ಕಂಬಳಿಗಳ ಆಸರೆಯಿಂದ ವೃದ್ಧರೂ ರೋಗಿಗಳೂ ಆಸನವನ್ನು ಮಾಡುವ ಕ್ರಮವನ್ನು ರೂಪಿಸಿದರು. ಗುರುವಿನ ಏಟುಗಳನ್ನು ಅವರು ಮರೆಯಲಿಲ್ಲ; ಮುಚ್ಚಿಡಲೂ ಇಲ್ಲ. ಆದರೂ 1966ರಲ್ಲಿ ಹೊರಬಿದ್ದ ತಮ್ಮ ಮಹಾಗ್ರಂಥವನ್ನು ಆ ಗುರುವಿಗೇ ಅರ್ಪಿಸಿದರು. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. ಅಯ್ಯಂಗಾರರೂ ಶಿಷ್ಯರ ಮೇಲೆ ಕೈಯೆತ್ತುತ್ತಿದ್ದರೆಂಬುದು ಅವರ ಬಳಿ ಕಲಿತವರೇ ನುಡಿದ ಮಾತು. ಗುರುವಿನಿಂದ ಬಂದ ವಿದ್ಯೆಯ ಜೊತೆಗೆ ಗುರುವಿನ ಕೈಯೂ ಬಂದಿತ್ತು. 2014ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮೊದಲು ಅವರು ಹುಟ್ಟೂರಾದ ಬೆಳ್ಳೂರಿಗೆ ಶಾಲೆ, ಆಸ್ಪತ್ರೆಗಳು ಬರುವಂತೆ ಮಾಡಿದ್ದರು. ಕಾಯಿಲೆಯ ಮಗುವೊಂದು ಆ ಊರನ್ನು ಮರೆತಿರಲಿಲ್ಲ.

ಈ ಎರಡು ಚರಿತ್ರೆಗಳನ್ನು ಜೊತೆಗಿಟ್ಟು ನೋಡಿದರೆ ನಮಗೆ ತಿಳಿಯುವುದಿಷ್ಟು. ಇಬ್ಬರು ಗುರುಗಳೂ ನಿಷ್ಠುರರು. ಇಬ್ಬರೂ ಸಾಯಲಿದ್ದ ಮೈಗೆ ದೀರ್ಘಾಯುಷ್ಯವನ್ನು ಕೊಟ್ಟರು. ಆದರೆ ಒಬ್ಬರ ನಿಷ್ಠುರತೆ ಪಾಠದ ಮೇಲಿತ್ತು. ಇನ್ನೊಬ್ಬರದು ಶಿಷ್ಯನ ಮೇಲೆಯೂ ಬಿದ್ದಿತು. ಎರಡೂ ಶಿಷ್ಯರಲ್ಲಿ ಕಡೆಯವರೆಗೆ ಉಳಿದುವು. ಪುಸ್ತಕದ ಪಾಠವು ಮರೆತುಹೋಗಬಹುದು. ಮೈಗೆ ಕಲಿಸಿದ ಪಾಠವು ಕಲಿಸಿದವರ ನಡತೆಯನ್ನು ಕಟ್ಟಿಕೊಂಡೇ ಒಳಗೆ ಹೋಗುತ್ತದೆ.

ಆದುದರಿಂದ ಮಗುವನ್ನು ಇಂತಹ ವಿದ್ಯೆಗೆ ಸೇರಿಸುವ ಗೃಹಸ್ಥರು ನಾಲ್ಕು ದಿನ ಮುಂಚಿತವಾಗಿ ಹೋಗಿ ಕುಳಿತು ನೋಡುವುದು ಲೇಸು. ಎಲ್ಲರಿಗಿಂತ ಹಿಂದೆ ಬಿದ್ದ ಮಗುವಿನೊಡನೆ ಗುರುವು ಹೇಗೆ ಮಾತನಾಡುತ್ತಾನೆ? ಬಲಗಾರನಾದ ಹುಡುಗನು ಚಿಕ್ಕವನಿಗೆ ಪೆಟ್ಟು ಕೊಟ್ಟಾಗ ಏನು ಹೇಳುತ್ತಾನೆ? ನೋವೆಂದ ಮಗುವಿನ ಮಾತನ್ನು ಕೇಳಿ ನಿಲ್ಲಿಸುತ್ತಾನೆಯೆ? ಗೋಡೆಯ ಮೇಲಿನ ಪದಕಗಳನ್ನು ಎಣಿಸುವುದಕ್ಕಿಂತ ಇವನ್ನು ನೋಡುವುದು ಮುಖ್ಯ. ಇಂದು ಅಂಗಳದಲ್ಲಿ ತಲೆಬಾಗಿ ನಿಂತ ಆ ಮಗು, ಮುಂದೆ ಐವತ್ತು ವರ್ಷಗಳ ಮೇಲೆ ತನ್ನ ಮೊಮ್ಮಗನ ಕೈಹಿಡಿದು ಏನನ್ನಾದರೂ ಕಲಿಸುವಾಗ, ಈ ಗುರುವೇ ಅದರ ಕೈಯಲ್ಲಿ ಇರುವನು.