ಹಡಗಿನ ಮೇಲೆ ಅಲೆ ಸವಾರಿ: ಪಾಠಕ್ಕೆ ರೊಕ್ಕ ಕೊಡಬೇಕಾ, ಬ್ಯಾಡಾ?

ಸೆಮಿಸ್ಟರ್ ಮುಗಿಸಿ ಕಮಲನಗರಕ್ಕೆ ಹೋಗಿದ್ದಾಗ ಒಂದು ರಾತ್ರಿ ಸಿಂಗಾಪುರದಿಂದ ಅಕ್ಕನ ಫೋನ್ ಬಂತು.

"ತಮ್ಮಾ, ನೀ ಎಂಜಿನಿಯರಿಂಗ್ ಓದ್ತಿ ಅಲ್ಲಾ, ಒಂದು ಲೆಕ್ಕ ಹೇಳು. ಜೂನ್ ರಜಾಕ್ಕ ನಾಕು ದಿನ ಹಡಗಿನ್ಯಾಗ ಹೊಂಟೀವಿ. ಅಲ್ಲಿ ಮಷೀನಿನ ಅಲಿ ಮ್ಯಾಲ ನಿಂದ್ರೋದು ಕಲಸ್ತಾರಂತ. ನಿಮ್ಮ ಮಾವ ತಾನೂ ಕಲೀತೀನಿ, ಮಗನಿಗೂ ಕಲಸ್ತೀನಿ ಅಂತ ಕುಂತಾರ. ಒಬ್ಬರಿಗೆ ತಾಸಿಗಿ ಎಪ್ಪತ್ತು ಡಾಲರ್. ರೊಕ್ಕ ದಂಡ ಅಲ್ಲೇನು?"

ಎಪ್ಪತ್ತು ಅಮೆರಿಕನ್ ಡಾಲರ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಆರು ಸಾವಿರ ರೂಪಾಯಿ. ಇಬ್ಬರಿಗೆ ಹನ್ನೆರಡು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಅಪ್ಪ "ಹನ್ನೆರಡು ಸಾವಿರಕ್ಕ ನೀರಾಗ ಬೀಳೋದಾ? ನಮ್ಮ ಬಾವ್ಯಾಗ ಪುಕ್ಕಟ ಬೀಳ್ಬಹುದು" ಅಂದರು.

ನಗು ಬಂತು. ಆದರೆ ಪ್ರಶ್ನೆ ತಲೆಯಲ್ಲಿ ಉಳೀತು. ಭಾಲ್ಕಿ ದಾಟಿ ಉದಗೀರ ಕಡೆ ಹೋಗುವ ರೈಲಿನಲ್ಲಿ ಸಿಗುವ ಊರು ನಮ್ಮದು. ನಮಗೆ ದೊಡ್ಡ ನೀರು ಅಂದರೆ ಕಾರಂಜಾ ಜಲಾಶಯ. ಸಮುದ್ರದ ಬಗ್ಗೆ ನಾನೇನು ಹೇಳಲಿ? ಆದರೂ ಎರಡು ದಿನ ಓದಿ, ನಮ್ಮ ಹೈಡ್ರಾಲಿಕ್ಸ್ ಲ್ಯಾಬ್ ನೆನಪು ಮಾಡಿಕೊಂಡು ಅಕ್ಕನಿಗೆ ಒಂದು ಉತ್ತರ ಕೊಟ್ಟೆ. ಅದನ್ನೇ ಇಲ್ಲಿ ಬಿಡಿಸಿ ಬರೀತಿದೀನಿ. ನಮ್ಮಲ್ಲಿ ಎಷ್ಟು ಜನ ಕ್ರೂಸ್ ಹತ್ತುತ್ತೇವೋ ಗೊತ್ತಿಲ್ಲ. ಆದರೆ ರೊಕ್ಕ ಕೊಟ್ಟು ಕಲಿಯೋ ಪ್ರಶ್ನೆ ನಮ್ಮೆಲ್ಲರಿಗೂ ಬರ್ತದೆ.

ಮೊದಲು ಮಷೀನ್ ಏನಂತ ನೋಡೋಣ

ಇದರ ಹೆಸರು ಫ್ಲೋರೈಡರ್. ಅಮೆರಿಕದ ಟಾಮ್ ಲಾಕ್‌ಟೆಫೆಲ್ಡ್ ಎಂಬವರು ಈ ಬಗೆಯ ಅಲೆಯನ್ನು ರೂಪಿಸಿದರು. 1991ರಲ್ಲಿ ಟೆಕ್ಸಾಸ್‌ನ ಒಂದು ವಾಟರ್ ಪಾರ್ಕಿನಲ್ಲಿ ಇದು ಶುರುವಾಯಿತು. 2006ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಯ 'ಫ್ರೀಡಂ ಆಫ್ ದಿ ಸೀಸ್' ಹಡಗಿನ ಮೇಲೆ ಬಂತು. ಈಗ ಆ ಕಂಪನಿಯ ಎಷ್ಟೋ ದೊಡ್ಡ ಹಡಗುಗಳಲ್ಲಿ ಇದೆ. ಎಲ್ಲ ಕ್ರೂಸ್‌ನಲ್ಲೂ ಇರ್ತದೆ ಅಂದುಕೊಳ್ಳಬೇಡಿ. ಮುಂಬೈನಿಂದ ಹೊರಡುವ 'ಎಂಪ್ರೆಸ್' ಹಡಗಿನಲ್ಲಿ ಇದಿಲ್ಲ.

ಕೆಲಸ ಸರಳ. ಮೆತ್ತನೆಯ ಹೊದಿಕೆ ಹಾಕಿದ ಒಂದು ಇಳಿಜಾರು. ಕೆಳಗಿನಿಂದ ದೊಡ್ಡ ಪಂಪುಗಳು ನೀರನ್ನು ಮೇಲಕ್ಕೆ ನುಗ್ಗಿಸುತ್ತವೆ. ನೀರಿನ ಆಳ ಬರೀ ಎರಡು ಮೂರು ಇಂಚು, ವೇಗ ಮಾತ್ರ ಗಂಟೆಗೆ ಮೂವತ್ತು ಕಿಲೋಮೀಟರ್‌ಗೂ ಹೆಚ್ಚು. ಫ್ಲೂಯಿಡ್ ಮೆಕ್ಯಾನಿಕ್ಸ್ ಮುಗಿಸಿದವರು ಫ್ರೌಡ್ ನಂಬರ್ ಹಾಕಿ ನೋಡಿ. ಆಳ 7.5 ಸೆಂ.ಮೀ., ವೇಗ ಸೆಕೆಂಡಿಗೆ 9 ಮೀಟರ್ ಅಂತ ಹಿಡಿದರೆ ಉತ್ತರ 10ರ ಆಸುಪಾಸು. ಒಂದಕ್ಕಿಂತ ಬಹಳ ಹೆಚ್ಚು, ಅಂದರೆ ಪೂರ್ತಿ ಸೂಪರ್‌ಕ್ರಿಟಿಕಲ್ ಹರಿವು. ಲ್ಯಾಬಿನ ಚಾನೆಲ್‌ನಲ್ಲಿ ಸ್ಲೂಯಿಸ್ ಗೇಟ್ ಕೆಳಗಿಂದ ತೆಳ್ಳಗೆ, ಜೋರಾಗಿ ನುಗ್ಗುವ ನೀರು ನೋಡಿದೀರಲ್ಲ, ಅದರದೇ ಅಣ್ಣ.

ಈಗ ಸಮುದ್ರಕ್ಕೆ ಬನ್ನಿ. ಸಮುದ್ರದಲ್ಲಿ ಅಲೆ ಮುಂದೆ ಓಡ್ತದೆ, ನೀರು ಹೆಚ್ಚುಕಡಿಮೆ ಇದ್ದಲ್ಲೇ ಸುತ್ತುತ್ತದೆ. ಸವಾರ ಕೈಯಿಂದ ನೀರು ತಳ್ಳಿಕೊಂಡು ಹೋಗಿ, ಸರಿಯಾದ ಅಲೆಗೆ ಕಾದು, ಅದು ಎತ್ತಿದ ಕ್ಷಣಕ್ಕೆ ಎದ್ದು ನಿಂತು ಅದರ ಇಳಿಜಾರಿನಲ್ಲಿ ಜಾರುತ್ತಾನೆ. ಮಷೀನಿನಲ್ಲಿ ಇದು ಉಲ್ಟಾ. ಅಲೆಯ ಆಕಾರ ನಿಂತಿದೆ, ನೀರು ಓಡ್ತಿದೆ. ಕೈ ಬಡಿಯೋದಿಲ್ಲ, ಕಾಯೋದಿಲ್ಲ, ಅಲೆ ಆರಿಸೋದಿಲ್ಲ. ಹಲಗೆಯೂ ಬೇರೆ: ಚಿಕ್ಕದು, ಅಡಿಯಲ್ಲಿ ರೆಕ್ಕೆ ಇರೋದಿಲ್ಲ. ಭಾರ ಹೆಚ್ಚಾಗಿ ಹಿಂದಿನ ಕಾಲಿನ ಮೇಲೆ. ಮುಂದಿನ ಕಾಲಿಗೆ ಭಾರ ಹೋಯಿತೋ, ಹಲಗೆಯ ಮೂತಿ ನೀರಿಗೆ ಕಚ್ಚಿ ಸವಾರ ಮಗುಚುತ್ತಾನೆ. ಮರುಕ್ಷಣ ನೀರು ಅವನನ್ನು ಮೇಲಿನ ತುದಿಗೆ ಎಳೆದು ಎಸೆಯುತ್ತದೆ.

ಹಂಗಾಗಿ ಮೊದಲ ಮಾತು: ಸಿಮ್ಯುಲೇಟರ್ ಅನ್ನೋ ಹೆಸರು ನಂಬಬೇಡಿ. ಸಮತೋಲನ ಸ್ವಲ್ಪ ಬರಬಹುದು, ಸಮುದ್ರದ ಸರ್ಫಿಂಗ್ ಬರೋದಿಲ್ಲ. ಅದೇ ಬೇಕು ಅನ್ನೋರಿಗೆ ನಮ್ಮ ರಾಜ್ಯದಲ್ಲೇ ಮೂಲ್ಕಿ ಇದೆ. 2004ರಲ್ಲಿ ಅಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ ದೇಶದ ಮೊದಲ ಸರ್ಫ್ ಕ್ಲಬ್ ಅಂತ ಹೆಸರಾಗಿದೆ. ಹತ್ತಿರದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೂ ನಡೆದಿವೆ. ಮಳೆಗಾಲದಲ್ಲಿ ಕಡಲು ಒರಟು, ಹೊಸಬರು ಅದು ಮುಗಿದ ಮೇಲೆ ಹೋಗೋದು ಒಳ್ಳೇದು.

ಇದನ್ನು ಹೇಳಿದಾಗ ಮಾವ ಅಂದರು: "ನನಗ ಸಮುದ್ರ ಬ್ಯಾಡಪಾ. ಮಗನ ಮುಂದ ಒಂದ್ಸಲ ನಿಂತ್ರ ಸಾಕು."

ಸರಿ, ಗುರಿ ಸ್ಪಷ್ಟ ಆಯಿತು. ಇನ್ನು ಲೆಕ್ಕ.

ತಾಸು ಎಣಿಸಬೇಡಿ, ಹಲಗೆ ಮೇಲಿನ ನಿಮಿಷ ಎಣಿಸಿ

ಈ ಲೆಕ್ಕ ನಾನು ಕಲಿತದ್ದು ಪೆಟ್ಟು ತಿಂದು. ಫಸ್ಟ್ ಇಯರ್‌ನಲ್ಲಿ ಎರಡು ದಿನದ ಡ್ರೋನ್ ವರ್ಕ್‌ಶಾಪ್‌ಗೆ 1500 ರೂಪಾಯಿ ಕಟ್ಟಿದ್ದೆ. ಅಪ್ಪ ಸೋಯಾಬೀನ್ ಮಾರಿ ಕಳಿಸಿದ ರೊಕ್ಕ. ಹಾಲ್ ತುಂಬ ಜನ, ಹಾರುವ ಡ್ರೋನ್ ಒಂದೇ. ಎರಡು ದಿನದಲ್ಲಿ ರಿಮೋಟ್ ನನ್ನ ಕೈಯಲ್ಲಿದ್ದದ್ದು ನಾಕು ನಿಮಿಷ. ಉಳಿದದ್ದೆಲ್ಲ ಪಿಪಿಟಿ, ಚಹಾ, ಸರ್ಟಿಫಿಕೇಟ್. ನಿಮಿಷಕ್ಕೆ 375 ರೂಪಾಯಿ ಬಿತ್ತು. ಅಪ್ಪ "ಹಾರಿಸೋದು ಬಂತೇನೋ?" ಅಂತ ಕೇಳಿದಾಗ ಹೂಂ ಅಂದಿದ್ದೆ. ಬಂದಿರಲಿಲ್ಲ.

ಅದೇ ಲೆಕ್ಕ ಹಡಗಿಗೆ ಹಾಕೋಣ. ಅಲ್ಲಿ ಎರಡು ದಾರಿ ಇವೆ. ಎಲ್ಲರಿಗೂ ತೆರೆದ ಸಮಯ ಪುಕ್ಕಟೆ: ಸಾಲಿನಲ್ಲಿ ನಿಲ್ಲಬೇಕು, ಬಿದ್ದರೆ ಸರದಿ ಮುಗೀತು, ಮತ್ತೆ ಸಾಲಿನ ಕೊನೆಗೆ. ರೊಕ್ಕದ ಪಾಠ ಒಂದು ತಾಸು: ಜನ ಕಡಿಮೆ, ಕಲಿಸುವವರು ಕೈ ಹಿಡಿದು ನಿಲ್ಲಿಸುತ್ತಾರೆ, ತಪ್ಪು ಹೇಳುತ್ತಾರೆ.

ನನ್ನ ಅಂದಾಜು ಹೀಗಿತ್ತು. ಹೊಸಬ ತಾನಾಗೇ ನಿಂತರೆ ಹತ್ತು ಸೆಕೆಂಡಿಗೆ ಬೀಳ್ತಾನೆ. ಕೈ ಹಿಡಿದರೆ ಅರ್ಧ ನಿಮಿಷ ನಿಲ್ತಾನೆ. ಒಬ್ಬರ ಸರದಿಗೆ, ಏರಿ ಇಳಿಯೋದು ಸೇರಿ, 45 ಸೆಕೆಂಡು.

ರೊಕ್ಕದ ಪಾಠ, ಎಂಟು ಜನ: ಮೊದಲ ಹತ್ತು ನಿಮಿಷ ವಿವರಣೆಗೆ ಹೋದರೆ ಉಳಿದದ್ದು ಐವತ್ತು. ಎಲ್ಲರದೂ ಒಂದು ಸುತ್ತು ಆರು ನಿಮಿಷ. ಎಂಟು ಸುತ್ತು, ಪ್ರತಿ ಸಲ ಅರ್ಧ ನಿಮಿಷ. ಒಟ್ಟು ನಾಕು ನಿಮಿಷ. ಅಂದರೆ ನಿಮಿಷಕ್ಕೆ 1500 ರೂಪಾಯಿ.

ಪುಕ್ಕಟೆ, ಹಡಗು ನಡುಸಮುದ್ರದಲ್ಲಿರುವ ದಿನ, ಸಾಲಿನಲ್ಲಿ ಇಪ್ಪತ್ತೈದು ಜನ: ಒಂದು ಸುತ್ತಿಗೆ ಹತ್ತೊಂಬತ್ತು ನಿಮಿಷ. ತಾಸಿನಲ್ಲಿ ಮೂರು ಸರದಿ. ಒಟ್ಟು ಅರ್ಧ ನಿಮಿಷ.

ಪುಕ್ಕಟೆ, ಹಡಗು ಬಂದರಿಗೆ ಬಂದ ದಿನ, ಸಾಲಿನಲ್ಲಿ ಆರು ಜನ: ಒಂದು ಸುತ್ತಿಗೆ ನಾಕೂವರೆ ನಿಮಿಷ. ತಾಸಿನಲ್ಲಿ ಹದಿಮೂರು ಸರದಿ. ಒಟ್ಟು ಎರಡು ನಿಮಿಷಕ್ಕೂ ಸ್ವಲ್ಪ ಹೆಚ್ಚು.

ನೋಡಿ, ಮಜಾ ಇರೋದು ಮೂರನೇ ಸಾಲಿನಲ್ಲಿ. ಹಡಗು ಪೆನಾಂಗ್‌ನಂಥ ಬಂದರಿಗೆ ಬಂದಾಗ ಹೆಚ್ಚಿನವರು ಊರು ನೋಡಲು ಇಳಿದು ಹೋಗ್ತಾರೆ. ಆಗ ಎರಡು ತಾಸು ಪುಕ್ಕಟೆ ಸಾಲಿನಲ್ಲಿ ನಿಂತರೆ ಸಿಗುವ ನಿಮಿಷ ಆರು ಸಾವಿರದ ಪಾಠಕ್ಕೆ ಸಮ. ಬರೀ ನಿಮಿಷವೇ ಬೇಕಿದ್ದರೆ ರೊಕ್ಕ ಕೊಡೋದು ದಂಡ. ಬಂದರಿಗೆ ನಿಲ್ಲದ ಚಿಕ್ಕ ಪ್ರವಾಸವಾದರೆ, ಶಾಲೆ ರಜೆಯಲ್ಲಿ ಹಡಗು ತುಂಬಿದ್ದರೆ, ಲೆಕ್ಕ ಪಾಠದ ಕಡೆ ವಾಲುತ್ತದೆ. ಬೆಲೆ ಹಡಗಿನಿಂದ ಹಡಗಿಗೆ, ದಿನದಿಂದ ದಿನಕ್ಕೆ ಬದಲಾಗ್ತದೆ. ಸೂತ್ರ ಇದೇ, ಅಂಕಿ ನಿಮ್ಮದು ಹಾಕಿ.

ಲೆಕ್ಕಕ್ಕೆ ಸಿಗದ ಮಾತು

ಬಾವಿಯಲ್ಲಿ ನಾನು ಈಜು ಕಲಿತದ್ದು ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು. ಕಾಕಾ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಹದಿನೈದು ದಿನದಲ್ಲಿ ಅವರು ಹೇಳಿದ್ದು ಎರಡೇ ಮಾತು: "ಕಾಲು ಸೈಕಲ್ ತುಳದಂಗ ಮಾಡಬ್ಯಾಡ", "ತಲಿ ಎತ್ತಬ್ಯಾಡ". ಆ ಎರಡು ಮಾತು ಇಲ್ಲದಿದ್ದರೆ ಇನ್ನೂ ಹದಿನೈದು ದಿನ ನೀರು ಕುಡೀತಿದ್ದೆ. ಆದರೆ ಮೊದಲ ದಿನವೇ ಹೇಳಿದ್ದರೆ ನನಗೆ ತಿಳೀತಿರಲಿಲ್ಲ. ನಾಕು ದಿನ ಕಾಲು ಬಡಿದು ಸುಸ್ತಾದ ಮೇಲೆ ಹೇಳಿದ್ದಕ್ಕೆ ತಲೆಗೆ ಹತ್ತಿತು.

ಪಾಠದ ನಿಜವಾದ ಬೆಲೆ ಇದು. ನೀವು ಯಾಕೆ ಬೀಳ್ತಿದೀರಿ ಅಂತ ಹೊರಗೆ ನಿಂತು ನೋಡಿ ಹೇಳುವ ಒಬ್ಬರು. ಆದರೆ ಬಿದ್ದೇ ಇಲ್ಲದವರಿಗೆ ಅವರು ಏನು ಹೇಳಿದರೂ ಬರೀ ಮಾತು.

ಇನ್ನೊಂದು ವಿಷಯ ನಾಚಿಕೆ. ಈ ಮಷೀನಿನ ಸುತ್ತ ಕೂತು ನೋಡಲು ಮೆಟ್ಟಿಲು ಮೆಟ್ಟಿಲಾಗಿ ಜಾಗ ಮಾಡಿರ್ತಾರೆ. ಬಿದ್ದಾಗ ಜನ ಹೋ ಅಂತ ಕೂಗ್ತಾರೆ. ಅಳಿಯನಿಗೆ ಹನ್ನೆರಡು ವರ್ಷ, ಸ್ವಲ್ಪ ಅಂಜುಬುರುಕ. ಅಕ್ಕನಿಗೆ ರೊಕ್ಕಕ್ಕಿಂತ ಅದೇ ಚಿಂತೆ ಇತ್ತು ಅಂತ ಆಮೇಲೆ ಗೊತ್ತಾಯಿತು. "ಎಲ್ಲಾರ ಮುಂದ ಬಿದ್ದ ಅಂದ್ರ ಮತ್ತ ನೀರಿಗಿ ಇಳಿಯಂಗಿಲ್ಲ ನೋಡು." ಹೀಗಿರುವವರಿಗೆ ಎಂಟೇ ಜನರ ಪಾಠ ಆರು ಸಾವಿರಕ್ಕೂ ಅಗ್ಗ ಆಗಬಹುದು.

ಆದರೆ ನಾನು ಮೊದಲು ಕೇಳಿದ್ದು "ಅವನ ಎತ್ತರ ಎಷ್ಟು?" ಅಂತ. ರಾಯಲ್ ಕೆರಿಬಿಯನ್ ನಿಯಮದಲ್ಲಿ ಹಲಗೆ ಮೇಲೆ ಹೊಟ್ಟೆ ಕೆಳಗೆ ಮಾಡಿ ಮಲಗಲು 52 ಇಂಚು, ನಿಲ್ಲಲು 58 ಇಂಚು ಇರಬೇಕು. ಅಕ್ಕ ಬಾಗಿಲಿಗೆ ನಿಲ್ಲಿಸಿ ಅಳೆದಳು: 56. ನಿಂತು ಕಲಿಯುವ ಪಾಠ ಅವನಿಗೆ ಸಿಗ್ತಾನೇ ಇರಲಿಲ್ಲ. ಟೇಪಿನಿಂದಲೇ ಆರು ಸಾವಿರ ಉಳೀತು. ಮಲಗಿ ಹೋಗುವ ಹಲಗೆಗೆ ಪಾಠದ ಅವಶ್ಯಕತೆಯೂ ಅಷ್ಟಿಲ್ಲ, ಮಕ್ಕಳು ಬೇಗ ಹಿಡೀತಾರೆ.

ಅಕ್ಕನಿಗೆ ಹೇಳಿದ್ದು

ಹೊರಡೋ ಮುಂಚೆ ಪಾಠ ಬುಕ್ ಮಾಡಬೇಡಿ. ಮೊದಲ ದಿನ ಪುಕ್ಕಟೆ ಸಾಲಿನಲ್ಲಿ ಎರಡು ಮೂರು ಸಲ ಬಿದ್ದು ನೋಡಿ. ಬಿದ್ದ ಮೇಲೆ ಮತ್ತೆ ಸಾಲಿಗೆ ಓಡಬೇಕು ಅನ್ನಿಸಿದರೆ ಬಂದರಿನ ದಿನ ಬೆಳಿಗ್ಗೆ ಬೇಗ ಹೋಗಿ. ಅಷ್ಟಾದ ಮೇಲೂ ಒಂದೇ ಥರ ಬೀಳ್ತಾ ಇದ್ದರೆ ಆಗ ಪಾಠ ತಗೊಳ್ಳಿ. ತಡ ಮಾಡಿದರೆ ಜಾಗ ತುಂಬಿ ಹೋಗಬಹುದು, ಅದು ಈ ದಾರಿಯ ನಷ್ಟ. ಉಂಗುರ, ಸರ, ಕನ್ನಡಕ ತೆಗೆದಿಡಿ. ಬಟ್ಟೆ ಬಿಗಿಯಾಗಿರಲಿ, ಆ ನೀರಿನ ವೇಗಕ್ಕೆ ಸಡಿಲ ಚಡ್ಡಿ ನಿಲ್ಲೋದಿಲ್ಲ. ಮಂಡಿ, ಭುಜದ ಹಳೇ ನೋವು ಇದ್ದರೆ ಮಲಗುವ ಹಲಗೆಯೇ ಸಾಕು. ಏನಾದರೂ ಆದರೆ ಹೊಣೆ ನಮ್ಮದೇ ಅಂತ ಸಹಿ ಹಾಕಿಸಿಕೊಳ್ತಾರೆ, ಓದಿ ಸಹಿ ಹಾಕಿ. ಬಾವಿಯಲ್ಲಿ ಈಜು ಬರ್ತದೆ ಅನ್ನೋದು ಎರಡು ಇಂಚು ನೀರಿನಲ್ಲಿ ಉಪಯೋಗಕ್ಕೆ ಬರೋದಿಲ್ಲ.

ಆದದ್ದು

ಮೊದಲ ದಿನ ಮಾವ ಮೂರು ಸಲ ಏರಿ ಮೂರು ಸಲವೂ ಕಣ್ಣು ಮುಚ್ಚಿ ತೆಗೆಯೋದರೊಳಗೆ ಬಿದ್ದರು. ಜನ ಕೂಗಿದರು. ಅಪ್ಪನೇ ಬಿದ್ದದ್ದು ನೋಡಿ ಮಗನಿಗೆ ಅಂಜಿಕೆ ಹೋಯಿತಂತೆ. ಮಲಗುವ ಹಲಗೆ ಹಿಡಿದು ತಾನೇ ಸಾಲಿಗೆ ನಿಂತ. ಪೆನಾಂಗ್ ದಿನ ಇಬ್ಬರೂ ಹಡಗಿನಲ್ಲೇ ಉಳಿದರು. ಮಗ ಮಂಡಿಯೂರಿ ಕೂರುವಷ್ಟು ಆದ. ಮಾವ ಮಾತ್ರ ಪ್ರತಿ ಸಲವೂ ಮುಂದಕ್ಕೇ ಮುಗ್ಗರಿಸುತ್ತಿದ್ದರು. ಯಾಕಂತ ತಿಳೀಲಿಲ್ಲ.

ಕೊನೆಯ ದಿನ ಮಾವ ಒಬ್ಬರೇ ಪಾಠ ತಗೊಂಡರು. ಹೋದವರೇ ಕೇಳಿದ್ದು ಒಂದೇ ಪ್ರಶ್ನೆ: ನಾನು ಮುಂದಕ್ಕೇ ಯಾಕೆ ಬೀಳ್ತೀನಿ? ಕಲಿಸುವವನು ಎರಡು ಸಲ ನೋಡಿ ಹೇಳಿದನಂತೆ: ನೀವು ಕಾಲು ನೋಡ್ತಿದೀರಿ. ತಲೆ ಬಗ್ಗಿದರೆ ಭಾರ ಮುಂದಿನ ಕಾಲಿಗೆ ಬರ್ತದೆ. ಎದುರಿಗೆ ನೋಡಿ, ಹಿಂದಿನ ಕಾಲಿಗೆ ಭಾರ ಬಿಡಿ.

ಅಕ್ಕ ಕಳಿಸಿದ ವಿಡಿಯೋದಲ್ಲಿ ಮಾವ ಕೈ ಬಿಟ್ಟು ನಿಂತಿದ್ದು ಇಪ್ಪತ್ತೆರಡು ಸೆಕೆಂಡು. ಹಿಂದೆ ಅಳಿಯನ ಕೂಗು ಕೇಳ್ತದೆ. ಕೆಳಗೆ ಅಕ್ಕನ ಮೆಸೇಜು: "ದಂಡ ಆಗ್ಲಿಲ್ಲ ತಮ್ಮಾ. ಎರಡು ಪಾಠದ ಬದ್ಲಿ ಒಂದರಾಗ ಮುಗೀತು."

ಮೊದಲ ದಿನವೇ ಬುಕ್ ಮಾಡಿದ್ದರೆ ಅದೇ ಆರು ಸಾವಿರಕ್ಕೆ ಮಾವ ಬೀಳೋದನ್ನು ಮಾತ್ರ ಕಲೀತಿದ್ದರು, ಅದಂತೂ ಪುಕ್ಕಟೆ ಸಿಗ್ತಿತ್ತು. ಮುಂದಿನ ವಾರ ನಮ್ಮ ಕ್ಯಾಂಪಸ್‌ಗೆ ಮತ್ತೊಂದು ವರ್ಕ್‌ಶಾಪ್ ಬರ್ತಿದೆ, ಎರಡು ದಿನ, 1800 ರೂಪಾಯಿ. ಕಟ್ಟುವ ಮುಂಚೆ ನಾನು ಎರಡು ಪ್ರಶ್ನೆ ಕೇಳಬೇಕು ಅಂತ ಮಾಡೀನಿ. ಒಂದು ಅವರಿಗೆ: ಎಷ್ಟು ಜನಕ್ಕೆ ಎಷ್ಟು ಕಿಟ್? ಇನ್ನೊಂದು ನನಗೆ: ಪುಕ್ಕಟೆ ಸಿಗುವ ಕಡೆ ನಾನು ಎಷ್ಟು ಸಲ ಬಿದ್ದಿದೀನಿ?